ಎಲೆ ಲೆಕ್ಕದಿಂದ ಶುರು ಮಾಡಿ

ಪ್ರಶ್ನೆ: ನಾನು, ನನ್ನನ್ನು ಮದುವೆಯಾಗುವ ಹುಡುಗ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಇನ್ನು ನಾಲ್ಕು ತಿಂಗಳಿಗೆ ಮದುವೆ. ಬನಶಂಕರಿಯಲ್ಲಿ ಛತ್ರ ಬುಕ್ ಆಗಿದೆ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಸುಮಾರು 600 ಜನ ಬರಬಹುದು. ಹುಡುಗನ ಕಡೆಯವರು ಹಾಸನದಿಂದ ಬರಬೇಕು. ಆದಷ್ಟು ಕಸ ಮಾಡದೆ, ಪರಿಸರಕ್ಕೆ ಹೊರೆಯಾಗದ ಹಾಗೆ ಮದುವೆ ಮಾಡಿಕೊಳ್ಳಬೇಕು ಅಂತ ನಮ್ಮ ಆಸೆ. ಬೀಜದ ಕಾಗದದ ಲಗ್ನಪತ್ರಿಕೆ, ಬಿದಿರಿನ ಮಂಟಪ ಎಲ್ಲ ಸೇರಿ ಒಂದು ಪ್ಯಾಕೇಜ್ ಇದೆ ಅಂತ ಈವೆಂಟ್‌ನವರೊಬ್ಬರು ಹೇಳಿದರು. ರೇಟು ಕೇಳಿ ತಲೆ ತಿರುಗಿತು. ಇತ್ತ ಅಪ್ಪ ಅಮ್ಮ 'ಜನ ಏನಂತಾರೆ' ಅನ್ನುತ್ತಿದ್ದಾರೆ. ನಿಜಕ್ಕೂ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಇಬ್ಬರಿಗೂ ಶುಭಾಶಯ. ಆ ಪ್ಯಾಕೇಜನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬಿದಿರಿನ ಮಂಟಪ ಚೆನ್ನಾಗಿ ಕಾಣುತ್ತದೆ, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಎಷ್ಟೋ ಮದುವೆಗಳಲ್ಲಿ ಛತ್ರದ ಹಿಂಬದಿ, ಕಸದ ಡ್ರಮ್ಮುಗಳ ಪಕ್ಕ ಕೈಗವಸು ಹಾಕಿಕೊಂಡು ನಿಂತವನು ನಾನು. ಅಲ್ಲಿ ನಿಂತರೆ ಮದುವೆ ಬೇರೆ ಥರವೇ ಕಾಣುತ್ತದೆ. ಮಂಟಪದಿಂದ ಬರುವ ಕಸ ನಾಲ್ಕೈದು ಗೋಣಿಚೀಲ. ಊಟದ ಮನೆಯಿಂದ ಬರುವುದು ಡ್ರಮ್ಮುಗಟ್ಟಲೆ. ಅದರಲ್ಲಿ ಅರ್ಧಕ್ಕರ್ಧ ಯಾರೂ ಬಾಯಿಗಿಡದ ಅನ್ನ, ಹೋಳಿಗೆ, ಪಲ್ಯ.

ಇದು ನನ್ನೊಬ್ಬನ ಗೊಣಗಾಟವಲ್ಲ. 2012ರಲ್ಲಿ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ 75 ಕಲ್ಯಾಣ ಮಂಟಪಗಳಿಗೆ ಹೋಗಿ ಲೆಕ್ಕ ಹಾಕಿದ್ದರು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತದೆ ಅಂತ ಅಂದಾಜು ಬಂತು. ಅದೇ ವರ್ಷ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ, ಊರಿನ ಕಸವೆಲ್ಲ ಬೀದಿಯಲ್ಲಿ ಕೊಳೆತದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರಬಹುದು. ನಮ್ಮ ಮದುವೆಗಳ ಹೋಳಿಗೆಯೂ ಅಲ್ಲೇ ಇತ್ತು.

ಹಾಗಾಗಿ ನಿಮ್ಮ ಮೊದಲ ಕೆಲಸ ಎಲೆ ಲೆಕ್ಕ.

ನಿಮಗೆ ಗೊತ್ತಿರಬಹುದು, ಅಡುಗೆಯವರ ಜೊತೆ ಎರಡು ಥರ ಮಾತಾಡಿಕೊಳ್ಳಬಹುದು. ಒಂದು, ಸಾಮಾನೆಲ್ಲ ನೀವೇ ತಂದುಕೊಡುವುದು, ಭಟ್ಟರಿಗೆ ಕೂಲಿ ಕೊಡುವುದು. ಇನ್ನೊಂದು, ಒಂದು ಎಲೆಗೆ ಇಷ್ಟು ಅಂತ ಪೂರ್ತಿ ಕಂಟ್ರಾಕ್ಟ್. ಈಗ ಬೆಂಗಳೂರಿನಲ್ಲಿ ಜಾಸ್ತಿ ಎರಡನೆಯದೇ. ಅದರಲ್ಲಿ ಕಡಿಮೆ ಅಂದರೂ ಇಷ್ಟು ಎಲೆಯ ದುಡ್ಡು ಕೊಡಲೇಬೇಕು ಅಂತ ಒಂದು ಸಂಖ್ಯೆ ಮೊದಲೇ ಬರೆಸಿಕೊಳ್ಳುತ್ತಾರೆ. ಅಲ್ಲೇ ಎಡವಟ್ಟಾಗುವುದು. ಅಪ್ಪ 600 ಅಂತಾರೆ. ಚಿಕ್ಕಪ್ಪ 'ಸಾಲದೆ ಬಂದರೆ ಮಾನ ಹೋಗುತ್ತೆ' ಅಂತಾರೆ, 700 ಆಗುತ್ತದೆ. ಭಟ್ಟರು ತಮ್ಮ ಕಡೆಯಿಂದ ಒಂದಿಷ್ಟು ಸೇರಿಸಿ ಅಡುಗೆ ಮಾಡುತ್ತಾರೆ. ಬರುವವರು 480 ಜನ. ಯಾರದ್ದೂ ತಪ್ಪಿಲ್ಲ, ಎಲ್ಲರೂ ಮಾನ ಉಳಿಸುತ್ತಿದ್ದಾರೆ ಅಷ್ಟೆ.

ನಮ್ಮಲ್ಲಿ ಬರುತ್ತೇವೋ ಇಲ್ಲವೋ ಅಂತ ಮೊದಲೇ ಬರೆದು ತಿಳಿಸುವ ಪದ್ಧತಿ ಇಲ್ಲ. ಕೇಳಿದರೆ ಬೇಜಾರೂ ಮಾಡಿಕೊಳ್ಳುತ್ತಾರೆ. ಅದಕ್ಕೆ ಹೀಗೆ ಮಾಡಿ. ಪಟ್ಟಿಯನ್ನು ಜನರ ಲೆಕ್ಕದಲ್ಲಿ ಬರೆಯಬೇಡಿ, ಮನೆಗಳ ಲೆಕ್ಕದಲ್ಲಿ ಬರೆಯಿರಿ. ಆ ಮನೆಗಳನ್ನು ಐದಾರು ಜನ ನೆಂಟರಿಗೆ ಹಂಚಿ. ಮದುವೆಗೆ ಎಂಟು ದಿನ ಇದೆ ಅನ್ನುವಾಗ ಒಬ್ಬೊಬ್ಬರೂ ತಮ್ಮ ಪಾಲಿನ ಮನೆಗಳಿಗೆ ಫೋನ್ ಮಾಡಲಿ. 'ಅತ್ತೆ, ಪತ್ರಿಕೆ ಸಿಕ್ತಾ? ಹಿಂದಿನ ದಿನ ಸಂಜೇನೇ ಬಂದ್ಬಿಡ್ತೀರಾ, ಇಲ್ಲಾ ಮುಹೂರ್ತಕ್ಕೆ ಬರ್ತೀರಾ? ಎಷ್ಟು ಜನ ಬರ್ತಿದೀರ, ರೂಮ್ ಹೇಳ್ಬೇಕು.' ರೂಮಿನ ನೆಪದಲ್ಲಿ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಬರುವ ಉತ್ತರವನ್ನು ಮೂರು ಕಡೆ ಬರೆದುಕೊಳ್ಳಿ: ಆರತಕ್ಷತೆ ಊಟ, ಬೆಳಗ್ಗೆ ತಿಂಡಿ, ಮಧ್ಯಾಹ್ನದ ಊಟ. ಮೂರಕ್ಕೂ ಒಂದೇ ಸಂಖ್ಯೆ ಹೇಳುವುದು ದೊಡ್ಡ ತಪ್ಪು. ಬೆಂಗಳೂರಿನವರು ಆಫೀಸ್ ಮುಗಿಸಿ ಆರತಕ್ಷತೆಗೆ ಬಂದು ಹೋಗುತ್ತಾರೆ. ತಿಂಡಿಗೆ ಇರುವುದು ಛತ್ರದಲ್ಲೇ ಮಲಗಿದವರು ಮತ್ತು ತೀರಾ ಹತ್ತಿರದವರು.

ಇನ್ನೊಂದು ವಿಷಯ ಪಂಚಾಂಗದ್ದು. ಒಳ್ಳೆ ಲಗ್ನ ಇರುವ ದಿನ ಒಂದೊಂದು ಮನೆಗೂ ಮೂರು ಮೂರು ಮದುವೆಯ ಕರೆ ಇರುತ್ತದೆ. ಮೂರಕ್ಕೂ ಹೋಗುತ್ತಾರೆ, ಅಕ್ಷತೆ ಹಾಕುತ್ತಾರೆ, ಊಟ ಮಾಡುವುದು ಒಂದೇ ಕಡೆ. ನಿಮ್ಮ ಮುಹೂರ್ತದ ದಿನ ಊರೆಲ್ಲ ಮದುವೆ ಇದೆಯಾ ಅಂತ ನಿಮ್ಮ ಪುರೋಹಿತರನ್ನೇ ಕೇಳಿ. ಇದೆ ಅಂದರೆ ಸಂಖ್ಯೆ ಧೈರ್ಯವಾಗಿ ಇಳಿಸಿ.

ಆಮೇಲೆ ಭಟ್ಟರ ಜೊತೆ ಕೂತು ಮಾತಾಡಿ. ಫೋನಲ್ಲಿ ಬೇಡ, ಎದುರಿಗೆ ಕೂತು. ಅನ್ನವನ್ನು ಪಂಕ್ತಿ ನೋಡಿಕೊಂಡು ಇಡಲಿ. ಮೊದಲ ಪಂಕ್ತಿ ಎದ್ದ ಮೇಲೆ ಹಾಲ್‌ನಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ನಿಮ್ಮ ಕಡೆಯ ಒಬ್ಬರು ಅಡುಗೆಮನೆಗೆ ಹೋಗಿ ಹೇಳಲಿ. ಸಾರು, ಹುಳಿ ಸಾಲದೆ ಬಂದರೆ ಹಿಗ್ಗಿಸುವುದು ಅವರಿಗೆ ಗೊತ್ತು. ತುಂಬ ಉಳಿಯುವುದು ಅನ್ನ, ಬಾತು ಮತ್ತು ಆರತಕ್ಷತೆಯ ಆ ನಾರ್ತ್ ಇಂಡಿಯನ್ ಐಟಂಗಳು. ಒಂದು ಪನ್ನೀರ್, ಒಂದು ಕುರ್ಮಾ, ಮೂರು ಥರ ರೋಟಿ, ಜೊತೆಗೆ ಗೋಬಿ ಮಂಚೂರಿ, ಅದರ ಪಕ್ಕ ಪಾನಿಪುರಿ. ಎಲ್ಲದರಲ್ಲೂ ಒಂದೊಂದು ತುತ್ತು ತಿಂದು ಉಳಿದದ್ದನ್ನು ಬಿಡುತ್ತಾರೆ. ಐಟಂ ಕಡಿಮೆ ಮಾಡಿ, ಆದರೆ ಸಿಹಿಯ ತಂಟೆಗೆ ಹೋಗಬೇಡಿ. ಹೋಳಿಗೆ ತೆಗೆದರೆ 'ಜುಗ್ಗರು' ಅಂತ ಹೆಸರು ಬರುತ್ತದೆ, ಅಲ್ಲಿಗೆ ನಿಮ್ಮ ಪರಿಸರದ ಕಥೆ ಮುಗಿಯಿತು. ಹೋಳಿಗೆ ಇರಲಿ, ಅರ್ಧ ಅರ್ಧ ಬಡಿಸಲಿ. ಬೇಕಾದವರಿಗೆ ಮೂರು ಸಲ ಬರಲಿ, ತುಪ್ಪ ಸುರಿಯಲಿ.

ಬಡಿಸುವ ರೀತಿ ಮಾತ್ರ ಬದಲಾಗಲೇಬೇಕು. ಈಗ ನಡೆಯುವುದನ್ನು ಒಂದು ಸಲ ನಿಂತು ನೋಡಿ. ಜನ ಬಾಗಿಲ ಹೊರಗೆ ಕಾಯುತ್ತಿರುತ್ತಾರೆ. ಒಳಗೆ ಖಾಲಿ ಕುರ್ಚಿಗಳ ಮುಂದೆ ಎಲೆ ಹಾಕಿ ಉಪ್ಪು, ಉಪ್ಪಿನಕಾಯಿ, ಎರಡು ಕೋಸಂಬರಿ, ಎರಡು ಪಲ್ಯ, ಸಿಹಿ, ಬಾತು ಎಲ್ಲ ಬಡಿಸಿಬಿಡುತ್ತಾರೆ. ಆಮೇಲೆ ಬಾಗಿಲು ತೆಗೆಯುತ್ತಾರೆ. ಕೊನೆಯ ಸಾಲಿನಲ್ಲಿ ಯಾರೂ ಕೂರುವುದಿಲ್ಲ, ಅಷ್ಟೂ ಎಲೆ ದಂಡ. ಬದನೆಕಾಯಿ ಸೇರದವರ ಎಲೆಯಲ್ಲೂ ಬದನೆಕಾಯಿ ಪಲ್ಯ. ಜನ ಕೂತ ಮೇಲೆ ಬಡಿಸಿ, 'ಹಾಕ್ಲಾ?' ಅಂತ ಕೇಳಿ ಬಡಿಸಿ. ಇದಕ್ಕೆ ಬಡಿಸುವವರು ಇಬ್ಬರು ಮೂವರು ಜಾಸ್ತಿ ಬೇಕಾಗಬಹುದು. ಆ ಕೂಲಿ ಖುಷಿಯಿಂದ ಕೊಡಿ. ಇಡೀ ಮದುವೆಯಲ್ಲಿ ಪರಿಸರಕ್ಕಾಗಿ ನೀವು ಮಾಡುವ ಅತಿ ಒಳ್ಳೆಯ ಖರ್ಚು ಅದೇ.

ಈಗ ಎಲೆ ಎತ್ತುವ ಕಡೆಗೆ ಬರೋಣ. ಪಂಕ್ತಿ ಎದ್ದ ಮೇಲೆ ಮುಂದಿನ ಪಂಕ್ತಿಗೆ ಸಿಗುವುದು ಐದು ಹತ್ತು ನಿಮಿಷ. ಎಲೆ ಎತ್ತುವವರು ಟೇಬಲ್ಲಿನ ಒಂದು ತುದಿಯಲ್ಲಿ ನಿಂತು ಟೇಬಲ್ ಮೇಲೆ ಹಾಸಿದ ರೋಲನ್ನೇ ಹಿಡಿದು ಸುತ್ತಿಕೊಂಡು ಬರುತ್ತಾರೆ. ಎಲೆ, ಅನ್ನ, ಅರ್ಧ ಕುಡಿದ ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ಚಮಚ, ಟಿಶ್ಯೂ, ಬೀಡಾಕ್ಕೆ ಚುಚ್ಚಿದ ಕಡ್ಡಿ, ಎಲ್ಲ ಒಂದೇ ಉಂಡೆ. ಆ ಉಂಡೆ ಡ್ರಮ್ಮಿಗೆ ಬಿದ್ದ ಮೇಲೆ ದೇವರು ಬಂದರೂ ಬೇರೆ ಮಾಡಲಾಗದು. ರೋಲು ಪ್ಲಾಸ್ಟಿಕ್‌ನದ್ದಾಗಿದ್ದರಂತೂ ಗೊಬ್ಬರದವರು ಅದನ್ನು ಮುಟ್ಟುವುದೂ ಇಲ್ಲ.

ಅದಕ್ಕೆ ನಾನು ಎಲ್ಲರಿಗೂ ಹೇಳುವ ಸೂತ್ರ ಒಂದೇ: ಕೊಳೆಯದೆ ಇರುವ ಯಾವ ವಸ್ತುವೂ ಆ ಟೇಬಲ್ ಮೇಲೆ ಬರಕೂಡದು. ಬಂದರೆ ಅದು ತೊಳೆದು ಮತ್ತೆ ಬಳಸುವ ಸ್ಟೀಲ್ ಆಗಿರಬೇಕು. ಹೀಗೆ ಇಟ್ಟುಕೊಂಡರೆ ಎಲೆ ಎತ್ತುವವರು ಎಷ್ಟೇ ಅವಸರ ಮಾಡಿದರೂ ಪರವಾಗಿಲ್ಲ. ಡ್ರಮ್ಮಿಗೆ ಬೀಳುವುದೆಲ್ಲ ಹಸಿ ಕಸವೇ. ರೋಲ್ ಬೇಡ, ಟೇಬಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹಾಕಲೇಬೇಕು ಅಂದರೆ ಸಾದಾ ಕಾಗದದ್ದು. ಬೀಡಾಕ್ಕೆ ಪ್ಲಾಸ್ಟಿಕ್ ಕಡ್ಡಿ ಬೇಡ, ಲವಂಗ ಚುಚ್ಚಲಿ. ಐಸ್‌ಕ್ರೀಮ್ ಕಪ್ಪಿನ ಬದಲು ಪಾಯಸ. ಮಕ್ಕಳು ಕೇಳುತ್ತಾರೆ ಅಂದರೆ ಹೊರಗೆ ಒಂದು ಕಡೆ ಕೋನ್‌ನಲ್ಲಿ ಕೊಡಿ, ಕೋನನ್ನೂ ತಿಂದು ಮುಗಿಸುತ್ತಾರೆ.

ಮತ್ತೆ ನೀರು. ಬಾಟಲಿ ಕೊಡದಿದ್ದರೆ ಮರ್ಯಾದೆ ಕಡಿಮೆ ಅನ್ನುವ ನಂಬಿಕೆ ಅದು ಯಾವಾಗ ಬಂತೋ! ಒಂದೊಂದು ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಅಂದರೂ ನಿಮ್ಮ ಮೂರು ಹೊತ್ತಿಗೆ ಸಾವಿರದ ಮೇಲಾಯಿತು. ಅರ್ಧ ಕುಡಿದಿಟ್ಟ ಬಾಟಲಿ ಯಾರದ್ದು ಅಂತ ಗೊತ್ತಾಗದೆ ಎಲ್ಲರೂ ಹೊಸದು ತೆಗೆಯುತ್ತಾರೆ, ಸುಮ್ನೆ ಲೆಕ್ಕ ಏರುತ್ತದೆ. 20 ಲೀಟರಿನ ಕ್ಯಾನಿನಿಂದ ಜಗ್ಗಿಗೆ ತುಂಬಿಸಿ ಸ್ಟೀಲ್ ಲೋಟಕ್ಕೆ ಬಡಿಸುವುದು ಸಾಕು. ಹಾಲ್‌ನಲ್ಲಿ ಎರಡು ಕಡೆ ನಲ್ಲಿ ಇರುವ ಸ್ಟೀಲ್ ಡ್ರಮ್ ಇಟ್ಟು, ಪಕ್ಕದಲ್ಲಿ ತೊಳೆದ ಲೋಟ ಇಡಿ. ಕಾಗದದ ಲೋಟ ಪರಿಹಾರ ಅಂದುಕೊಳ್ಳಬೇಡಿ. ಅದರ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಫಿ ಸೋರಿ ಹೋಗುತ್ತಿತ್ತು. ಅದು ಅತ್ತ ಕಾಗದವೂ ಅಲ್ಲ, ಇತ್ತ ಪ್ಲಾಸ್ಟಿಕ್ಕೂ ಅಲ್ಲ.

ಬಾಳೆ ಎಲೆಯಾ, ಅಡಿಕೆ ತಟ್ಟೆಯಾ, ಸ್ಟೀಲ್ ತಟ್ಟೆಯಾ? ಇದನ್ನು ಎಲ್ಲರೂ ಕೇಳುತ್ತಾರೆ. ಕೂತು ಉಣ್ಣುವ ಊಟಕ್ಕೆ ಬಾಳೆ ಎಲೆಯೇ ಸೈ. ತೊಳೆಯಲು ನೀರು ಬೇಡ, ಗೊಬ್ಬರ ಆಗುತ್ತದೆ. 2024ರ ಬೇಸಿಗೆಯಲ್ಲಿ ಈ ಊರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಹಿಂದೆ ಓಡಿದವರಿಗೆ ನೀರಿನ ಲೆಕ್ಕ ಬೇರೆ ಹೇಳಬೇಕಾಗಿಲ್ಲ. ಒಂದು ಎಚ್ಚರಿಕೆ: ಬಾಳೆ ಎಲೆಯಂತೆ ಹಸಿರು ಬಣ್ಣ ಬಳಿದ ಕಾಗದದ ಎಲೆ ಬರುತ್ತದೆ. ಮೇಲೆ ಪ್ಲಾಸ್ಟಿಕ್ ಲೇಪ ಇರುವಂಥದ್ದು ಬೇಕಾದಷ್ಟಿದೆ. ಕಂಟ್ರಾಕ್ಟ್‌ನಲ್ಲಿ 'ನಿಜವಾದ ಬಾಳೆ ಎಲೆ' ಅಂತಲೇ ಬರೆಸಿ. ನಿಂತು ಉಣ್ಣುವ ಆರತಕ್ಷತೆಗೆ ಸ್ಟೀಲ್ ಒಳ್ಳೆಯದು, ಛತ್ರದಲ್ಲಿ ತೊಳೆಯುವ ಜಾಗ ಇದ್ದರೆ ಮಾತ್ರ. ತಟ್ಟೆ ಲೋಟಗಳನ್ನು ಕೊಳ್ಳುವುದು ಬೇಕಾಗಿಲ್ಲ. ಪಾತ್ರೆ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕ್ ಕೂಡ ಇದಕ್ಕೆಂದೇ ಇದೆ. ತಟ್ಟೆ ಲೋಟ ಕೊಡುತ್ತಾರೆ, ಮುಗಿದ ಮೇಲೆ ತೊಳೆದು ವಾಪಸ್ ಕೊಡಬೇಕು. ಬೇಡಿಕೆ ಜಾಸ್ತಿ, ಬೇಗ ಕೇಳಿಡಿ. ತೊಳೆಯುವ ಜಾಗ ಇಲ್ಲ ಅಂದರೆ ಅಡಿಕೆ ಹಾಳೆ ತಟ್ಟೆ. ನಮ್ಮ ಮಲೆನಾಡಿನದ್ದು, ಮರದಿಂದ ತಾನಾಗಿ ಬಿದ್ದ ಹಾಳೆ. ಆದರೆ ಒಂದೇ ಸಲ ಬಳಸಿ ಎಸೆಯಲು ಅದು ಕೊಂಚ ದುಬಾರಿ ವಸ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಡ್ರಮ್ಮುಗಳ ಹತ್ತಿರ ನಿಲ್ಲುವವರು ಯಾರು? ನಾನು ಮೊದಲ ಸಲ ಒಂದು ಮದುವೆಯ ಜವಾಬ್ದಾರಿ ಹೊತ್ತಾಗ ಮೂರು ಬಣ್ಣದ ಡಬ್ಬ ತಂದು, ಚೆಂದದ ಕನ್ನಡದಲ್ಲಿ ಬೋರ್ಡ್ ಬರೆದು, ಹೂವಿನ ಹಾರ ಕೂಡ ಹಾಕಿದ್ದೆ. ಮಧ್ಯಾಹ್ನ ನೋಡಿದರೆ ಮೂರರಲ್ಲೂ ಒಂದೇ ಕಸ. ಹಾರವೂ ಒಳಗೆ ಬಿದ್ದಿತ್ತು. ಹಸಿವಾದವರು, ಮಗು ಎತ್ತಿಕೊಂಡವರು, ಬಸ್ಸಿಗೆ ಹೊರಟವರು ಬೋರ್ಡ್ ಓದುವುದಿಲ್ಲ. ಅವತ್ತಿಂದ ಡಬ್ಬಕ್ಕಿಂತ ಜನ ಮುಖ್ಯ ಅಂತ ಕಲಿತೆ. ಕೈ ತೊಳೆಯುವ ಜಾಗದ ಹತ್ತಿರ ಒಬ್ಬರು, ಹಿಂದೆ ಡ್ರಮ್ಮಿನ ಹತ್ತಿರ ಒಬ್ಬರು ಊಟ ಮುಗಿಯುವವರೆಗೆ ನಿಲ್ಲಬೇಕು. ಸಂಬಳ ಕೊಟ್ಟು ನಿಲ್ಲಿಸಿ, ಕೈಗವಸು ಕೊಡಿ, ಎಲ್ಲರ ಜೊತೆಗೇ ಎಲೆ ಹಾಕಿ ಊಟ ಬಡಿಸಿ. ಬೆಂಗಳೂರಿನಲ್ಲಿ ಇದನ್ನು ಕಸುಬಾಗಿ ಮಾಡುವವರಿದ್ದಾರೆ. ಚಿಂದಿ ಆಯುವವರನ್ನು ಸಂಘಟಿಸಿದ ಹಸಿರು ದಳದಿಂದ ಬೆಳೆದ ಸಂಸ್ಥೆಯವರು ಕಾರ್ಯಕ್ರಮಗಳ ಕಸವನ್ನು ಬೇರೆ ಮಾಡಿ, ಹಸಿಯದನ್ನು ಗೊಬ್ಬರಕ್ಕೆ, ಒಣಗಿದ್ದನ್ನು ಮರುಬಳಕೆಗೆ ಕಳಿಸುವ ಕೆಲಸ ಮಾಡುತ್ತಾರೆ. ಒಂದು ತಿಂಗಳ ಮುಂಚೆಯೇ ಮಾತಾಡಿಕೊಳ್ಳಿ.

ಛತ್ರದ ಮ್ಯಾನೇಜರನ್ನೂ ಈಗಲೇ ಹೋಗಿ ಕೇಳಿ. ನಿಮ್ಮ ಕಸ ಯಾರು ಒಯ್ಯುತ್ತಾರೆ, ಎಲ್ಲಿಗೆ ಹೋಗುತ್ತದೆ? ಪಾತ್ರೆ ತೊಳೆಯಲು ಜಾಗ ಎಲ್ಲಿದೆ? ಅಲಂಕಾರ ನಿಮ್ಮವರೇ ಮಾಡಬೇಕಾ, ನಾವು ಬೇರೆಯವರನ್ನು ಕರೆದರೆ ಆಗುತ್ತದಾ? ಈ ಕೊನೆಯದು ಮುಖ್ಯ. ಎಷ್ಟೋ ಕಡೆ ಅವರದ್ದೇ ಡೆಕೊರೇಷನ್‌ನವರು ಇರುತ್ತಾರೆ, ಥರ್ಮಕೋಲ್, ಪ್ಲಾಸ್ಟಿಕ್ ಹೂ ಗೋಡೌನಿನಲ್ಲಿ ಸಿದ್ಧವಾಗಿರುತ್ತದೆ. ವಾದ ಬಂದರೆ ಕಾನೂನು ನಿಮ್ಮ ಕಡೆಗಿದೆ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಕ್ಯಾರಿಬ್ಯಾಗ್, ಫ್ಲೆಕ್ಸ್ ನಿಷೇಧ ಇದೆ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಪ್ಲಾಸ್ಟಿಕ್ ಚಮಚ, ಲೋಟ, ಅಲಂಕಾರದ ಥರ್ಮಕೋಲ್, ಸ್ವೀಟ್ ಬಾಕ್ಸಿಗೆ, ಲಗ್ನಪತ್ರಿಕೆಗೆ ಸುತ್ತುವ ತೆಳು ಹಾಳೆ ಕೂಡ ನಿಷೇಧ. ಜಗಳ ಬೇಡ, 'ದಂಡ ಹಾಕಿದರೆ ನಿಮಗೇ ತೊಂದರೆ ಅಲ್ವಾ ಸಾರ್' ಅಂದರೆ ಸಾಕು.

ಇಷ್ಟೆಲ್ಲ ಮಾಡಿದರೂ ಊಟ ಸ್ವಲ್ಪ ಉಳಿಯುತ್ತದೆ. ಉಳಿದ ಊಟ ಒಯ್ದು ಹಂಚುವ ರಾಬಿನ್ ಹುಡ್ ಆರ್ಮಿಯಂಥ ಬಳಗಗಳಿವೆ. ಆದರೆ ಮದುವೆ ಮನೆಯವರು ಅವರಿಗೆ ಫೋನ್ ಮಾಡುವುದು ನಾಲ್ಕು ಗಂಟೆಗೆ, ಎಲ್ಲ ಮುಗಿದು ಸುಸ್ತಾದ ಮೇಲೆ. ಅಷ್ಟೊತ್ತಿಗೆ ಬೆಳಗ್ಗೆ ಹತ್ತಕ್ಕೆ ಕಲಸಿದ ಮೊಸರನ್ನ ಹುಳಿ ವಾಸನೆ ಹೊಡೆಯುತ್ತಿರುತ್ತದೆ. ಒಲೆಯಿಂದ ಇಳಿಸಿದ ಅಡುಗೆ ಬಿಸಿ ಆರಿ ಎರಡು ಗಂಟೆಗಿಂತ ಜಾಸ್ತಿ ಹೊರಗಿದ್ದರೆ ಅದನ್ನು ಇನ್ನೊಬ್ಬರಿಗೆ ಕೊಡುವುದು ಸರಿಯಲ್ಲ. ಬಡವರ ಹೊಟ್ಟೆಯೂ ಹೊಟ್ಟೆಯೇ. ಅವರಿಗೆ ಹಿಂದಿನ ದಿನವೇ ವಿಷಯ ಹೇಳಿಡಿ. ಮಧ್ಯಾಹ್ನ ಎರಡನೇ ಪಂಕ್ತಿ ಕೂತಾಗಲೇ ಎಷ್ಟು ಉಳಿಯಬಹುದು ಅಂತ ಭಟ್ಟರನ್ನು ಕೇಳಿ ಫೋನ್ ಮಾಡಿ. ಬಡಿಸುವ ಬಕೆಟ್ಟಿಗೆ ಬಂದದ್ದು ಬೇಡ, ಅಡುಗೆಮನೆಯ ಪಾತ್ರೆಯಲ್ಲಿ ಮುಟ್ಟದೆ ಉಳಿದದ್ದು ಮಾತ್ರ ಕೊಡಿ. ಅದಕ್ಕೂ ಮೊದಲು ಛತ್ರದ ಕೆಲಸದವರು, ವಾಲಗದವರು, ಡ್ರೈವರ್‌ಗಳು ಉಂಡರಾ ನೋಡಿ.

ಉಳಿದ ವಿಷಯಗಳನ್ನು ಬೇಗ ಮುಗಿಸುತ್ತೇನೆ.

ಲಗ್ನಪತ್ರಿಕೆ: ಬೀಜದ ಕಾಗದ ನನಗೆ ಅಷ್ಟಾಗಿ ಸೇರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವ ನೆಂಟರು ಅದನ್ನು ನೆಡುವುದಿಲ್ಲ, ಟಿವಿ ಪಕ್ಕ ಇಟ್ಟು ಮರೆಯುತ್ತಾರೆ. ದೇವರ ಮುಂದೆ ಇಡಲು, ಅರಿಶಿನ ಕುಂಕುಮ ಕೊಟ್ಟು ಕರೆಯಬೇಕಾದ ಹಿರಿಯರಿಗೆ ಅಂತ ಒಂದು ನೂರು ಪತ್ರಿಕೆ ಸಾದಾ ಕಾಗದದಲ್ಲಿ ಮಾಡಿಸಿ. ಚಿಕ್ಕಪೇಟೆ, ಅವೆನ್ಯೂ ರೋಡಿನಲ್ಲಿ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಹೊಳೆಯುವ ಲ್ಯಾಮಿನೇಷನ್, ವೆಲ್ವೆಟ್, ಪ್ಲಾಸ್ಟಿಕ್ ಗಣಪತಿ ಬೇಡ ಅನ್ನಿ. ಮಿಕ್ಕವರಿಗೆ ವಾಟ್ಸಾಪ್, ಜೊತೆಗೆ ಒಂದು ಫೋನ್.

ಅಲಂಕಾರಕ್ಕೆ ಒಂದೇ ಗುಟ್ಟು: ಸಂಜೆಗೂ ಬೆಳಗ್ಗೆಗೂ ಒಂದೇ. ರಾತ್ರಿ ಹನ್ನೊಂದಕ್ಕೆ ಆರತಕ್ಷತೆಯ ಹೂವೆಲ್ಲ ಕಿತ್ತು ಗುಡ್ಡೆ ಹಾಕಿ, ಮೂರು ಗಂಟೆಗೆ ಮುಹೂರ್ತದ ಹೂ ಕಟ್ಟುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗುಲಾಬಿ ಬೆಳಗ್ಗೆಗೆ ಬಾಡುತ್ತದೆ. ಸೇವಂತಿಗೆ, ಚೆಂಡು ಹೂ, ಮಾವಿನ ಸೊಪ್ಪು, ತೆಂಗಿನ ಗರಿ, ಹೊಂಬಾಳೆ ಬಾಡುವುದಿಲ್ಲ. ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋದರೆ ಸುತ್ತಲ ಜಿಲ್ಲೆಗಳ ಹೂವೇ ಸಿಗುತ್ತದೆ. ಹೂಗುಚ್ಛ ಚುಚ್ಚಿ ನಿಲ್ಲಿಸುವ ಹಸಿರು ಸ್ಪಂಜು ಮಾತ್ರ ಬೇಡ. ಅದು ಹೂವಿನ ಸಂಗದಲ್ಲಿದ್ದರೂ ಪ್ಲಾಸ್ಟಿಕ್ಕೇ, ಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಧಾರೆಯ ಹೊತ್ತಿಗೆ ಗೆಳೆಯರು ಹೊಡೆಯುವ ಆ ಬಣ್ಣದ ಚೂರಿನ ಪಟಾಕಿ, ನೊರೆ ಸ್ಪ್ರೇ ಕೂಡ ಬೇಡ. ಅಕ್ಷತೆಯಲ್ಲಿ ಆ ಚೂರು ಬೆರೆತರೆ ಹಕ್ಕಿಗೂ ಹಾಕುವಂತಿಲ್ಲ.

ತಾಂಬೂಲದ ಚೀಲ: ಅಂಗಡಿಯವರು 'ಬಟ್ಟೆದೇ ಮೇಡಂ' ಅಂತ ತೋರಿಸುವ ತೆಳು ಚೀಲ ಬಟ್ಟೆಯಲ್ಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ನಂಬಿಕೆ ಬರದಿದ್ದರೆ ಅಂಚಿನಿಂದ ಒಂದು ಚೂರು ಕತ್ತರಿಸಿ ಬೆಂಕಿಕಡ್ಡಿ ಹಿಡಿಯಿರಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ. ಇದು ಕರಗಿ ಮುದುಡಿ ಗಟ್ಟಿ ಉಂಡೆಯಾಗುತ್ತದೆ. ನಿಜವಾದ ಬಟ್ಟೆ ಚೀಲ ದುಬಾರಿ, ಹೌದು. ಅದಕ್ಕೆ ಗಟ್ಟಿಯಾಗಿ, ತರಕಾರಿ ತರುವ ಅಳತೆಯಲ್ಲಿ ಹೊಲಿಸಿ. ಮೇಲೆ ನಿಮ್ಮಿಬ್ಬರ ಹೆಸರು, ಫೋಟೋ ಹಾಕಿಸಬೇಡಿ. ಇನ್ನೊಬ್ಬರ ಮದುವೆಯ ಫೋಟೋ ಹಿಡಿದುಕೊಂಡು ಯಾರೂ ಸೊಪ್ಪಿಗೆ ಹೋಗುವುದಿಲ್ಲ. ಮನೆಗೊಂದು ಚೀಲ ಸಾಕು, ತಲೆಗೊಂದು ಬೇಡ. ರವಿಕೆ ಕಣವನ್ನಂತೂ ಬಿಟ್ಟುಬಿಡಿ. ಅದು ಹತ್ತು ಮನೆ ಸುತ್ತಿ ಕೊನೆಗೆ ಕೊಟ್ಟವರ ಮನೆಗೇ ಬರುತ್ತದೆ.

ಉಡುಗೊರೆ ಬೇಡ ಅಂತ ಪತ್ರಿಕೆಯಲ್ಲಿ ಹಾಕಿದರೂ ಹೂಗುಚ್ಛ ಬರುತ್ತದೆ. ವೇದಿಕೆಯ ಹಿಂದೆ ಗರಿಗರಿ ಪ್ಲಾಸ್ಟಿಕ್ ಸುತ್ತಿದ ಬೊಕೆಗಳ ರಾಶಿ ಎಲ್ಲರೂ ನೋಡಿದ್ದೇ. 'ಬೊಕೆ ತರಬೇಡಿ' ಅಂತ ಅದೊಂದನ್ನೇ ಬಿಡಿಸಿ ಬರೆಯಿರಿ. 2021ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ ಬೇಡ, ಕನ್ನಡ ಪುಸ್ತಕ ಕೊಡಿ ಅಂದಿದ್ದರು. ಅಪ್ಪನಿಗೆ ಇದನ್ನು ಹೇಳಿ, ಕೆಲಸಕ್ಕೆ ಬರುತ್ತದೆ. ಇನ್ನು ಮುಯ್ಯಿ ಕವರ್ ಬಗ್ಗೆ ನನ್ನ ತಕರಾರೇನೂ ಇಲ್ಲ, ಅದರಷ್ಟು ಕಡಿಮೆ ಕಸದ ಉಡುಗೊರೆ ಇನ್ನೊಂದಿಲ್ಲ.

ಸೀರೆ ವಿಷಯದಲ್ಲಿ ಬಾಯಿ ಹಾಕುವ ಧೈರ್ಯ ನನಗಿಲ್ಲ. ಅಮ್ಮನ ಧಾರೆ ಸೀರೆ ಚೆನ್ನಾಗಿದ್ದರೆ ಆರತಕ್ಷತೆಗೋ ಧಾರೆಗೋ ಒಂದು ಹೊತ್ತು ಅದನ್ನೇ ಉಡಿ. ಅಮ್ಮ ಅರ್ಧ ನಿಮ್ಮ ಕಡೆಗೆ ಬಂದುಬಿಡುತ್ತಾರೆ. ಒಂದೇ ಸಂಜೆ ಹಾಕುವ ಭಾರದ ಲೆಹೆಂಗಾ, ಶೇರ್ವಾನಿ ಬಾಡಿಗೆಗೆ ತನ್ನಿ.

ಓಡಾಟದ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಲೆಕ್ಕಕ್ಕೆ ದೊಡ್ಡದು. ಹಾಸನದವರು ಇಪ್ಪತ್ತು ಕಾರಿನಲ್ಲಿ ಬರುವ ಬದಲು ಕೆಎಸ್‌ಆರ್‌ಟಿಸಿಯ ಎರಡು ಬಸ್ ಬಾಡಿಗೆಗೆ ತೆಗೆದುಕೊಳ್ಳಿ. ಬಸ್ಸಿನಲ್ಲಿ ಬಂದರೆ ಮದುವೆಯ ಗಮ್ಮತ್ತು ಅಲ್ಲಿಂದಲೇ ಶುರು. ನಿಮ್ಮ ಛತ್ರ ಬನಶಂಕರಿಯಲ್ಲಿ ಇರುವುದು ಅದೃಷ್ಟ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ನೇರ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯವರು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಆರ್.ವಿ. ರೋಡಿಗೆ ಬಂದು ರೈಲು ಬದಲಿಸಿದರೆ ಮುಂದಿನ ನಿಲ್ದಾಣವೇ ಬನಶಂಕರಿ. ಪತ್ರಿಕೆಯಲ್ಲಿ ಛತ್ರದ ವಿಳಾಸದ ಕೆಳಗೇ 'ಬನಶಂಕರಿ ಮೆಟ್ರೋದಿಂದ ಇಷ್ಟು ದೂರ' ಅಂತ ಹಾಕಿ. ನಿಲ್ದಾಣದಿಂದ ಛತ್ರಕ್ಕೆ ಎರಡು ಎಲೆಕ್ಟ್ರಿಕ್ ಆಟೋ ದಿನವಿಡೀ ಓಡಾಡಲಿ. ಸೀರೆ ಉಟ್ಟವರು, ವಯಸ್ಸಾದವರು ಅದಿದ್ದರೆ ಮಾತ್ರ ಮೆಟ್ರೋಗೆ ಒಪ್ಪುತ್ತಾರೆ.

ಕೊನೆಗೆ ನಿಮ್ಮ ಅಪ್ಪ ಅಮ್ಮ. 'ಪರಿಸರಸ್ನೇಹಿ' ಅನ್ನುವ ಮಾತನ್ನೇ ಮನೆಯಲ್ಲಿ ಎತ್ತಬೇಡಿ. ಅದು ಅವರ ಕಿವಿಗೆ 'ನೀವು ಮಾಡುತ್ತಿದ್ದದ್ದು ತಪ್ಪು' ಅಂತ ಕೇಳಿಸುತ್ತದೆ. ಅಮ್ಮನ ಮದುವೆ ಹೇಗಾಯಿತು ಅಂತ ಕೇಳಿ. ಮನೆ ಮುಂದೆ ತೆಂಗಿನ ಗರಿ ಚಪ್ಪರ, ಮುತ್ತುಗದ ಎಲೆ, ಹಿತ್ತಾಳೆ ಕೊಳಗ, ಅಕ್ಕಪಕ್ಕದವರೇ ಬಡಿಸಿದ್ದು ಎಲ್ಲ ಹೊರಗೆ ಬರುತ್ತದೆ. 'ನಮಗೂ ಅದೇ ಥರ ಬೇಕಮ್ಮ' ಅಂದುಬಿಡಿ. ಶಾಸ್ತ್ರದಲ್ಲಿ ಯಾವುದನ್ನೂ ಮುಟ್ಟಬೇಡಿ, ಅಲ್ಲಿ ಕಸವೂ ಇಲ್ಲ. ಅರಿಶಿನ, ಅಕ್ಕಿ, ಜೀರಿಗೆ ಬೆಲ್ಲ, ವೀಳ್ಯದೆಲೆ, ಎಲ್ಲ ಮಣ್ಣಿಗೆ ಸೇರುವುದೇ. ತೀರಾ ಸರಳವಾಗಿ ಮಾಡಿಕೊಳ್ಳುವ ಮನಸ್ಸು ನಿಮಗಿಬ್ಬರಿಗೂ, ಎರಡೂ ಮನೆಗೂ ಇದ್ದರೆ ಕುವೆಂಪು ತೋರಿಸಿದ ಮಂತ್ರ ಮಾಂಗಲ್ಯ ಇದ್ದೇ ಇದೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಅವರು ಹಾಗೆ ಮಾಡಿದರು. ಆದರೆ ಛತ್ರ ಬುಕ್ ಆದ ಮೇಲೆ ಆ ಮಾತು ತೆಗೆದು ಮನೆಯಲ್ಲಿ ಬೆಂಕಿ ಹಚ್ಚಬೇಡಿ.

ಪ್ಯಾಕೇಜಿನ ರೇಟು ಕೇಳಿ ತಲೆ ತಿರುಗಿತು ಅಂದಿರಲ್ಲ, ಖರ್ಚಿನ ಬಗ್ಗೆಯೂ ಒಂದು ಮಾತು. ಬಡಿಸುವವರ ಕೂಲಿ, ಡ್ರಮ್ಮಿನ ಹತ್ತಿರದವರ ಸಂಬಳ, ಬಟ್ಟೆ ಚೀಲ, ಸ್ಟೀಲ್ ಬಾಡಿಗೆ, ಇವು ಏರುತ್ತವೆ. ಬಾಟಲಿ, ಪತ್ರಿಕೆ, ಎರಡನೇ ಅಲಂಕಾರ, ಆರತಕ್ಷತೆಯ ಐಟಂಗಳು, ದಂಡವಾಗುವ ನೂರಿನ್ನೂರು ಎಲೆ, ಇವು ಇಳಿಯುತ್ತವೆ. ನಾನು ನೋಡಿದ ಮದುವೆಗಳಲ್ಲಿ ಇಳಿದದ್ದೇ ಜಾಸ್ತಿ.

ಅಂದಹಾಗೆ, ಛತ್ರದ ಬಾಗಿಲಿಗೆ ಗೊನೆ ಸಮೇತ ಕಟ್ಟುವ ಬಾಳೆ ಕಂಬಗಳನ್ನು ಮುಹೂರ್ತ ಮುಗಿದ ಮಧ್ಯಾಹ್ನವೇ ಬಿಚ್ಚಿಸಿ, ಒಣಗಲು ಬಿಡಬೇಡಿ. ಪದರ ಬಿಡಿಸಿ ಒಳಗಿನ ದಿಂಡು ತೆಗೆದುಕೊಡಲು ಭಟ್ಟರಿಗೆ ಹೇಳಿ. ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ. ಬೀಗರು ಹೊರಟ ಮೇಲೆ, ಮೂರು ದಿನ ಸಿಹಿ ತಿಂದು ನಾಲಿಗೆ ಸತ್ತ ಮನೆಮಂದಿಗೆಲ್ಲ ರಾತ್ರಿ ಊಟಕ್ಕೆ ಬಿಸಿ ಅನ್ನ, ತಿಳಿಸಾರು, ಬಾಳೆ ದಿಂಡಿನ ಪಲ್ಯ.